ಪಬ್ಲಿಕ್ ಡೊಮೈನ್ ಅಂತ ಬರೆದರೂ ಗಿಟ್‌ಹಬ್ ಲೈಸೆನ್ಸ್ ಗುರುತಿಸುತ್ತಿಲ್ಲ, ಏನು ಮಾಡಲಿ? – ಪ್ರತಿಕ್ರಿಯೆ

ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ನಲ್ಲಿ ನಿಮ್ಮ ಕೋಡ್‌ನ ಲೈಸೆನ್ಸ್ ಕಾಣಿಸುತ್ತಿಲ್ಲ, ಅದನ್ನು ಬಳಸಲು ಹೊರಟ ಮಂಗಳೂರಿನ ಕಂಪನಿಗೂ ಗೊಂದಲ ಎಂದು ಕೇಳಿದ್ದೀರಿ. ತೊಂದರೆ ಬಹುಶಃ ಎಂಐಟಿ (ಒಂದು ಮುಕ್ತ ತಂತ್ರಾಂಶ ಪರವಾನಗಿ) ಪಠ್ಯದ ಕೆಳಗೆ ನೀವು ಸೇರಿಸಿದ "ಇದು ಸಾರ್ವಜನಿಕ ಸ್ವತ್ತು" ಎಂಬ ಕನ್ನಡ ಸಾಲಿನದ್ದು. ಮೂಲ ಪಠ್ಯ ಬದಲಾದರೆ ಗಿಟ್‌ಹಬ್‌ಗೆ ಗುರುತು ಸಿಗದೇ ಹೋಗಬಹುದು. ಅದಕ್ಕಿಂತ ದೊಡ್ಡ ಸಂಗತಿ, ಎರಡೂ ಒಟ್ಟಿಗೆ ಕೂಡುವುದಿಲ್ಲ: ಎಂಐಟಿಯಲ್ಲಿ ಕಾಪಿರೈಟ್ ನಿಮ್ಮದೇ, ಬಳಸುವವರು ನಿಮ್ಮ ಹೆಸರಿನ ಸೂಚನೆ ಉಳಿಸಲೇಬೇಕು, ಪಬ್ಲಿಕ್ ಡೊಮೈನ್ ಅಂದರೆ ಹಕ್ಕನ್ನೇ ಬಿಟ್ಟ ಹಾಗೆ. ಮಂಗಳೂರಿನ ಆ ಕಂಪನಿಯವರು "ಯಾವುದನ್ನು ನಂಬುವುದು?" ಎಂದು ಕೇಳಿದ್ದು ಸರಿಯೇ.

ಮೊದಲು ಕೋಡ್ ಪೂರ್ತಿ ನಿಮ್ಮದೇ ಎಂದು ನೋಡಿಕೊಳ್ಳಿ. ನಿಮ್ಮ ಉಡುಪಿಯ ಆಫೀಸಿನ ಕೆಲಸದ ಭಾಗವಾಗಿ ಬರೆದದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಪ್ರಕಾರ ಹಕ್ಕು ಸಂಸ್ಥೆಯದ್ದು. ಲಿಖಿತ ಒಪ್ಪಿಗೆ ಪಡೆಯಿರಿ. ಗೆಳೆಯರು ಬರೆದುಕೊಟ್ಟ ಪ್ಯಾಚ್ (ಕೋಡ್ ತಿದ್ದುಪಡಿ) ಇದ್ದರೆ ಅವರದೂ ಬೇಕು.

ಆಮೇಲೆ ಒಂದನ್ನೇ ಆರಿಸಿ. ಅದೇ ಕಾಯ್ದೆಯ 21ನೇ ಕಲಂ ಪ್ರಕಾರ ಹಕ್ಕು ಬಿಡಲಿಕ್ಕೆ ರಿಜಿಸ್ಟ್ರಾರ್‌ಗೆ ನೋಟಿಸ್ ಅಥವಾ ಸಾರ್ವಜನಿಕ ಪ್ರಕಟಣೆ ಬೇಕು. ಕಡತದಲ್ಲಿ ಬರೆದ ಒಂದು ಸಾಲನ್ನು ನೆಚ್ಚಿಕೊಳ್ಳಬೇಡಿ. ಹಕ್ಕು ಬಿಡಲಿಕ್ಕೆಂದೇ ಇರುವ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ0ದಲ್ಲಿ, ಬಿಟ್ಟದ್ದು ಕಾನೂನಿನಲ್ಲಿ ಊರ್ಜಿತವಾಗದಿದ್ದರೆ ಪರ್ಯಾಯ ಪರವಾನಗಿ ಉಂಟು, ಆದರೆ ಪೇಟೆಂಟ್ ಹಕ್ಕು ಕೊಡುವುದಿಲ್ಲ ಎಂದೂ ಅದರಲ್ಲೇ ಇದೆ. ನಾನಾದರೆ 0ಬಿಎಸ್‌ಡಿ ಎಂಬ ಚಿಕ್ಕ ಪರವಾನಗಿ ಹಾಕುತ್ತೇನೆ: ಕಾಪಿರೈಟ್ ಉಳಿಯುತ್ತದೆ, ಹೆಸರು ಉಳಿಸುವ ಷರತ್ತೂ ಇಲ್ಲ.

ಅದರ ಮೂಲ ಇಂಗ್ಲಿಷ್ ಪಠ್ಯವನ್ನು ರೆಪೊದ (ಗಿಟ್‌ಹಬ್‌ನ ನಿಮ್ಮ ಕೋಡ್ ಸಂಗ್ರಹ) ಮೇಲ್ಮಟ್ಟದ ಲೈಸೆನ್ಸ್ ಕಡತಕ್ಕೆ ಹಾಕಿ, ವರ್ಷ ಮತ್ತು ಹೆಸರು ಮಾತ್ರ ತುಂಬಿ. ಅಲ್ಲಿಯೇ ತರ್ಜುಮೆ ಮಾಡಲಿಕ್ಕೆ ಹೋಗಬೇಡಿ ಮಾರಾಯ್ರೆ, ಕನ್ನಡ ವಿವರಣೆ ರೀಡ್‌ಮಿ ಎಂಬ ಪರಿಚಯ ಕಡತಕ್ಕೆ ಇರಲಿ. ಕೋಡ್‌ನ ಹೆಸರು, ಆವೃತ್ತಿ ಬರೆದಿಡುವ ಪ್ಯಾಕೇಜ್ ಕಡತದಲ್ಲೂ ಲೈಸೆನ್ಸ್ ಹೆಸರು ಬದಲಿಸಿ. ಮರೆತರೆ ಲೈಸೆನ್ಸ್ ತಪಾಸಿಸುವ ಕಂಪನಿಯ ಸ್ಕ್ಯಾನರ್ ಮತ್ತೆ ಎಂಐಟಿ ಎಂದೇ ತೋರಿಸೀತು. ಹೊಸ ಆವೃತ್ತಿಗೆ ಟ್ಯಾಗ್ (ಗುರುತಿನ ಹೆಸರು) ಹಾಕಿ, ಆ ಕೊಂಡಿಯನ್ನೇ ಅವರಿಗೆ ಕಳುಹಿಸಿ. ಹಳೆಯ ಆವೃತ್ತಿ ಪಡೆದವರಿಗೆ ಕೊಟ್ಟ ಅನುಮತಿ ಹಾಗೆಯೇ ಇರುತ್ತದೆ.