ನಾಲ್ಕು ವರ್ಷದ ಮಗುವಿಗೆ ಬೆಳಕು-ನೆರಳನ್ನು ಮನೆಯಲ್ಲೇ ತೋರಿಸಲು ಏನು ಬೇಕು?

ನಾಲ್ಕು ವರ್ಷದ ಮಗನಿಗೆ ಬೆಳಕು-ನೆರಳನ್ನು ಮನೆಯಲ್ಲೇ ಪರಿಚಯಿಸುವ ಬಗೆ ಯಾವುದು, ಅದಕ್ಕೆಂದು ಮಾರುವ ಆಟಿಕೆಯ ಪೆಟ್ಟಿಗೆ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಕೊಳ್ಳುವ ಅಗತ್ಯವಿಲ್ಲ. ನನ್ನ ಮಗಳು ಅದೇ ವಯಸ್ಸಿನಲ್ಲಿದ್ದಾಗ ಮೊಬೈಲಿನ ಟಾರ್ಚು, ಕೋಣೆಯ ಟ್ಯೂಬ್‌ಲೈಟು ಮತ್ತು ಮನೆಯ ತಾರಸಿ ಇಷ್ಟೇ ನಮಗೆ ಸಾಕಾಗಿದ್ದವು.

ಮೊದಲ ದಿನ ನಾನು ಬೆಳಕು ನೇರವಾಗಿ ಚಲಿಸುತ್ತದೆ ಎಂದು ವಿವರಿಸಲು ಕುಳಿತೆ. ಅವಳು ಎದ್ದು ಹೋದಳು. ಆಮೇಲೆ ವಿವರಣೆಯನ್ನು ಬಿಟ್ಟು, ಬೇರೆ ಬೇರೆ ದೀಪಗಳ ಕೆಳಗೆ ಒಂದೇ ವಸ್ತುವನ್ನು ಹಿಡಿದು, ನೆರಳು ಹೇಗೆ ಬರಬಹುದೆಂದು ಮೊದಲು ಅವಳಿಂದಲೇ ಊಹೆ ಮಾಡಿಸತೊಡಗಿದೆ.

ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಸ್ಟೂಲಿನ ಮೇಲೆ ಅಲುಗದಂತೆ ಇಟ್ಟು, ಆನೆಯ ಗೊಂಬೆಯನ್ನು ಅದರ ಹತ್ತಿರಕ್ಕೆ ತಂದರೆ ನೆರಳು ಗೋಡೆ ತುಂಬ ಬೆಳೆಯುತ್ತದೆ, ಗೋಡೆಯ ಕಡೆ ಒಯ್ದರೆ ಗೊಂಬೆಯಷ್ಟೇ ಆಗುತ್ತದೆ. ಇದು ಎಲ್ಲರೂ ಮಾಡಿಸುವ ಆಟ. ನನಗೆ ಹೆಚ್ಚು ಹಿಡಿಸಿದ್ದು ಟ್ಯೂಬ್‌ಲೈಟಿನದು. ಉಳಿದ ದೀಪಗಳನ್ನೆಲ್ಲ ಆರಿಸಿ, ಮೇಜಿನಿಂದ ಒಂದು ಗೇಣು ಮೇಲೆ ಪೆನ್ಸಿಲನ್ನು ಟ್ಯೂಬಿನ ಉದ್ದಕ್ಕೇ ಹಿಡಿದರೆ ನೆರಳು ಗೆರೆಯಂತೆ ಕಾಣುತ್ತದೆ. ಅದನ್ನೇ ಅಡ್ಡಕ್ಕೆ ತಿರುಗಿಸಿದರೆ ಹೆಚ್ಚುಕಡಿಮೆ ಮಾಯವಾಗುತ್ತದೆ. ನಾಲ್ಕಡಿ ಉದ್ದದ ದೀಪದ ಒಂದು ಭಾಗದ ಬೆಳಕನ್ನು ಪೆನ್ಸಿಲು ತಡೆದ ಜಾಗಕ್ಕೆ ಮಿಕ್ಕ ಭಾಗಗಳಿಂದ ಬೆಳಕು ಬಂದು ಬೀಳುವುದೇ ಇದಕ್ಕೆ ಕಾರಣ. ಮಗಳು ಇದನ್ನು "ನೆರಳು ಆಫ್ ಮಾಡುವುದು" ಎಂದಳು, ನಾನು ತಿದ್ದಲಿಲ್ಲ.

ನೆರಳು ಕಪ್ಪಾಗಿಯೇ ಇರಬೇಕೆಂದಿಲ್ಲ ಎಂಬುದಕ್ಕೆ ನಮ್ಮ ತೊಗಲುಗೊಂಬೆಗಳೇ ಸಾಕ್ಷಿ: ಹದಮಾಡಿದ ತೆಳು ಚರ್ಮದ ಮೂಲಕ ಬೆಳಕು ಹಾಯುವುದರಿಂದ ಪರದೆಯ ಮೇಲೆ ಬಣ್ಣ ಮೂಡುತ್ತದೆ. ಮನೆಯಲ್ಲಿ ಚಾಕೊಲೇಟಿಗೆ ಸುತ್ತಿ ಬರುವ ಬಣ್ಣದ ಪಾರದರ್ಶಕ ಹಾಳೆ ಸಾಕು.

ಬಿಸಿಲಿನ ಆಟಕ್ಕೆ ತಾರಸಿಯಲ್ಲಿ ಮಗುವನ್ನು ಒಂದೇ ಜಾಗದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಿಲ್ಲಿಸಿ ನೆರಳಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಸೂರ್ಯನನ್ನು ಮಾತ್ರ ನೇರವಾಗಿ ನೋಡಗೊಡಬೇಡಿ. ನೀವು ಬೆಂಗಳೂರಿನಲ್ಲಿದ್ದರೆ ಏಪ್ರಿಲ್ 24 ಹಾಗೂ ಆಗಸ್ಟ್ 18ರ ಆಸುಪಾಸಿನಲ್ಲಿ, ಮಧ್ಯಾಹ್ನ ಸುಮಾರು 12.20ಕ್ಕೆ, ಸ್ಟೀಲ್ ಲೋಟವೊಂದನ್ನು ನೆಟ್ಟಗೆ ಇಟ್ಟು ನೋಡಿ: ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುವುದರಿಂದ ಅದರ ನೆರಳು ಯಾವ ಬದಿಗೂ ಚಾಚುವುದಿಲ್ಲ. ಆ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೂ, ವರ್ಷದ ಉಳಿದ ಕಾಲದಲ್ಲಿ ಉತ್ತರಕ್ಕೂ ಬೀಳುತ್ತದೆ. ಆಗಸ್ಟಿನಲ್ಲಿ ಮೋಡ ಕವಿದು ಆಟ ಕೆಡುವ ಸಂಭವ ಹೆಚ್ಚು. ಏಪ್ರಿಲ್ ದಿನವನ್ನೇ ನೆಚ್ಚಿಕೊಳ್ಳುವುದು ಮೇಲು.