ಶೇಕಡಾ ಸರಿ, ಯಾವುದರ ಶೇಕಡಾ?

ಸಂಖ್ಯಾಶಾಸ್ತ್ರ ಮತ್ತು ಸಂಭವನೀಯತೆಯ ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳು ಹಲವರಿಂದ ಬಂದಿದ್ದಲ್ಲಿ ಅವನ್ನು ಕೂಡಿಸಿ ಒಂದಾಗಿ ಮಾಡಿದ್ದೇವೆ.

ಪ್ರಶ್ನೆ: ಮೊಬೈಲಿನ ಹವಾಮಾನ ಆ್ಯಪ್ ‘ಮಳೆ ಶೇ 40’ ಎನ್ನುತ್ತದೆ. ಪತ್ರಿಕೆಯಲ್ಲಿ ‘ಉತ್ತರ ಒಳನಾಡಿನ ಕೆಲವೆಡೆ ಮಳೆ’ ಎಂದಿರುತ್ತದೆ. ಮೆಣಸಿನಕಾಯಿ ಒಣಹಾಕುವ ನಾವು ಯಾವುದನ್ನು ನಂಬಬೇಕು? — ಬ್ಯಾಡಗಿಯ ರೈತರೊಬ್ಬರು

ಉತ್ತರ: ಇವು ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳಾದ್ದರಿಂದ ಒಂದನ್ನು ನಂಬಿ ಇನ್ನೊಂದನ್ನು ಬಿಡಬೇಕಾಗಿಲ್ಲ. ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಬರುವ ‘ಒಂದೆರಡು ಕಡೆ’, ‘ಕೆಲವೆಡೆ’, ‘ಹಲವೆಡೆ’, ‘ಬಹುತೇಕ ಕಡೆ’ ಎಂಬ ಮಾತುಗಳಿಗೆ ಗೊತ್ತಾದ ಅಳತೆಯಿದೆ. ಒಂದು ವಲಯದ ಮಳೆಮಾಪನ ಕೇಂದ್ರಗಳ ಪೈಕಿ ಶೇ 25ರವರೆಗಿನ ಕೇಂದ್ರಗಳಲ್ಲಿ ಮಳೆ ನಿರೀಕ್ಷಿತವಾಗಿದ್ದರೆ ‘ಒಂದೆರಡು ಕಡೆ’, ಶೇ 26ರಿಂದ 50 ಆದರೆ ‘ಕೆಲವೆಡೆ’, ಶೇ 51ರಿಂದ 75 ಆದರೆ ‘ಹಲವೆಡೆ’, ಅದಕ್ಕೂ ಮೇಲಾದರೆ ‘ಬಹುತೇಕ ಕಡೆ’. ಅಂದರೆ ಅದು ಮಳೆಯ ಹರವನ್ನು ಹೇಳುತ್ತದೆ. ಆ್ಯಪ್ ಹೇಳುವುದು ನಿಮ್ಮ ಊರಿನಲ್ಲಿ ಮಳೆ ಬೀಳುವ ಸಂಭವವನ್ನು: ಇಂಥದೇ ಮುನ್ಸೂಚನೆ ಇದ್ದ ನೂರು ದಿನಗಳನ್ನು ತೆಗೆದುಕೊಂಡರೆ ಅವುಗಳಲ್ಲಿ ಸುಮಾರು 40 ದಿನ ಮಳೆಯಾಗಬೇಕು. ಒಂದು ದಿನ ಮಳೆ ಬಾರದಿದ್ದರೆ ಮುನ್ಸೂಚನೆ ಸುಳ್ಳಾಯಿತೆಂದು ಹೇಳಲಾಗದು, ಬಂದರೆ ನಿಜವಾಯಿತೆಂದೂ ಹೇಳಲಾಗದು.

ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆಯಾದ ದಿನ ಮಾತ್ರ ‘ಮಳೆಯ ದಿನ’. ಕಣದಲ್ಲಿ ಹರಡಿದ ಮೆಣಸಿನಕಾಯಿ ಕೆಡುವುದಕ್ಕೆ ಅಷ್ಟು ಮಳೆ ಬೇಕಾಗಿಲ್ಲ. ಆದ್ದರಿಂದ ನಿಮ್ಮ ನಿರ್ಧಾರಕ್ಕೆ ಸಂಭವದ ಜೊತೆಗೆ ನಷ್ಟದ ಲೆಕ್ಕವೂ ಸೇರಬೇಕು. ರಾಶಿ ಮಾಡಿ ತಾಡಪತ್ರಿ ಹೊದಿಸುವ ಕೂಲಿ 300 ರೂಪಾಯಿ, ಕಾಯಿ ತೊಯ್ದರೆ ಆಗುವ ನಷ್ಟ 5,000 ರೂಪಾಯಿ ಎಂದುಕೊಂಡರೆ, ಮಳೆಯ ಸಂಭವ ಶೇ 6ನ್ನು ದಾಟಿದ ಕೂಡಲೇ ಹೊದಿಸುವುದು ಲಾಭದ ಕೆಲಸ. ಶೇ 40 ಎಂದರೆ ಯೋಚನೆಗೂ ಆಸ್ಪದವಿಲ್ಲ.

ಪ್ರಶ್ನೆ: ಆರೋಗ್ಯ ತಪಾಸಣೆಯ ಪ್ಯಾಕೇಜಿನಲ್ಲಿ ನನ್ನ ಪತಿಗೆ ಒಂದು ಕಾಯಿಲೆಯ ಪರೀಕ್ಷೆ ಪಾಸಿಟಿವ್ ಬಂದಿದೆ. ಅವರಿಗೆ ಯಾವ ತೊಂದರೆಯೂ ಕಾಣಿಸಿಲ್ಲ. ಪರೀಕ್ಷೆ ಶೇ 95ರಷ್ಟು ನಿಖರವೆಂದು ಲ್ಯಾಬಿನವರು ಹೇಳಿದರು. ಹಾಗಾದರೆ ಕಾಯಿಲೆ ಇರುವ ಸಂಭವ ಶೇ 95 ಎಂದೇ ತಿಳಿಯಬೇಕೆ? — ತುಮಕೂರಿನ ಗೃಹಿಣಿಯೊಬ್ಬರು

ಉತ್ತರ: ಹಾಗೆ ತಿಳಿಯಬೇಕಾಗಿಲ್ಲ. ಈ ತಪ್ಪು ತಿಳಿವಳಿಕೆಯಿಂದ ಎಷ್ಟೋ ಮನೆಗಳಲ್ಲಿ ವಿನಾಕಾರಣ ನಿದ್ದೆ ಕೆಡುತ್ತದೆ. ಆದ್ದರಿಂದ ಲೆಕ್ಕವನ್ನು ಪೂರ್ತಿಯಾಗಿಯೇ ಬಿಡಿಸೋಣ.

ಲ್ಯಾಬಿನವರ ಶೇ 95ಕ್ಕೆ ಅರ್ಥ ಹೀಗೆಂದುಕೊಳ್ಳಿ: ಕಾಯಿಲೆ ಇರುವ ನೂರು ಮಂದಿಯಲ್ಲಿ 95 ಮಂದಿಗೆ ಪರೀಕ್ಷೆ ‘ಇದೆ’ ಎನ್ನುತ್ತದೆ, ಕಾಯಿಲೆ ಇಲ್ಲದ ನೂರು ಮಂದಿಯಲ್ಲಿ 95 ಮಂದಿಗೆ ‘ಇಲ್ಲ’ ಎನ್ನುತ್ತದೆ. ನಿಮ್ಮ ಯಜಮಾನರ ವಯಸ್ಸಿನ, ಲಕ್ಷಣಗಳಿಲ್ಲದ ಜನರಲ್ಲಿ ನೂರಕ್ಕೆ ಒಬ್ಬರಿಗೆ ಮಾತ್ರ ಆ ಕಾಯಿಲೆ ಇರುತ್ತದೆಂದು ಇಟ್ಟುಕೊಳ್ಳೋಣ. ಈಗ ಅಂಥ 10,000 ಮಂದಿಯನ್ನು ಪರೀಕ್ಷಿಸಿದರೆ ಕಾಯಿಲೆ ಇರುವವರು 100, ಇಲ್ಲದವರು 9,900. ಇರುವವರಲ್ಲಿ 95 ಮಂದಿ ಪಾಸಿಟಿವ್ ಆಗುತ್ತಾರೆ. ಇಲ್ಲದವರಲ್ಲಿ ನೂರಕ್ಕೆ ಐವರಂತೆ 495 ಮಂದಿಯೂ ತಪ್ಪಾಗಿ ಪಾಸಿಟಿವ್ ಆಗುತ್ತಾರೆ. ಒಟ್ಟು ಪಾಸಿಟಿವ್ 590. ಅವರಲ್ಲಿ ನಿಜವಾದ ರೋಗಿಗಳು 95, ಅಂದರೆ ಸುಮಾರು ಶೇ 16. ಲ್ಯಾಬಿನವರು ಹೇಳಿದ ಶೇ 95 ಎಂಬುದು ರೋಗಿಗಳ ಪೈಕಿ ಎಷ್ಟು ಮಂದಿ ಪಾಸಿಟಿವ್ ಆಗುತ್ತಾರೆಂಬ ಲೆಕ್ಕ. ನಿಮಗೆ ಬೇಕಾಗಿರುವುದು ಪಾಸಿಟಿವ್ ಆದವರ ಪೈಕಿ ಎಷ್ಟು ಮಂದಿ ರೋಗಿಗಳೆಂಬ ಲೆಕ್ಕ.

ಇದೇ ಪರೀಕ್ಷೆಯನ್ನು ಲಕ್ಷಣಗಳನ್ನು ಕಂಡು ವೈದ್ಯರೇ ಬರೆದುಕೊಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಅಂಥ ಲಕ್ಷಣಗಳೊಂದಿಗೆ ಬರುವ ನೂರು ಮಂದಿಯಲ್ಲಿ 30 ಮಂದಿಗೆ ಕಾಯಿಲೆ ಇರುತ್ತದೆ ಎಂದಾದರೆ, ಪಾಸಿಟಿವ್ ಬಂದವರಿಗೆ ಕಾಯಿಲೆ ಇರುವ ಸಂಭವ ಸುಮಾರು ಶೇ 89ಕ್ಕೆ ಏರುತ್ತದೆ. ಯಾವ ಲಕ್ಷಣವೂ ಇಲ್ಲದವರಿಗೆ ಹತ್ತಾರು ಪರೀಕ್ಷೆಗಳನ್ನು ಕಟ್ಟಿಕೊಡುವ ಪ್ಯಾಕೇಜುಗಳ ಬಗ್ಗೆ ನನಗಿರುವ ಅನುಮಾನಕ್ಕೆ ಕಾರಣ ಇದೇ.

ಹಾಗೆಂದು ವರದಿಯನ್ನು ಮೂಲೆಗೆ ಹಾಕಬೇಡಿ. ನೂರಕ್ಕೆ ಒಂದಿದ್ದ ಸಂಭವ 16ಕ್ಕೆ ಏರಿರುವುದು ಕಡೆಗಣಿಸುವ ಸಂಗತಿಯಲ್ಲ. ಬೇರೆ ವಿಧಾನದ, ಇಷ್ಟೇ ನಿಖರವಾದ ಇನ್ನೊಂದು ಪರೀಕ್ಷೆಗೆ ಆ 590 ಮಂದಿಯನ್ನು ಒಳಪಡಿಸಿದರೆ, ಎರಡನೆಯ ಸಲವೂ ಪಾಸಿಟಿವ್ ಆಗುವವರು ಸುಮಾರು 115. ಅವರಲ್ಲಿ 90 ಮಂದಿ ನಿಜವಾದ ರೋಗಿಗಳು. ಲಕ್ಷಣಗಳಿಲ್ಲದವರಿಗೆ ಎಚ್‌ಐವಿ ಸೋಂಕು ಇದೆಯೆಂದು ಖಚಿತಪಡಿಸುವ ಮೊದಲು ನಮ್ಮ ದೇಶದ ಸರ್ಕಾರಿ ಕೇಂದ್ರಗಳಲ್ಲಿ ಬೇರೆ ಬೇರೆ ಮೂರು ಕಿಟ್‌ಗಳಿಂದ ಪರೀಕ್ಷಿಸುವ ನಿಯಮವಿರುವುದು ಈ ಲೆಕ್ಕದ ಮೇಲೆಯೇ. ವೈದ್ಯರನ್ನು ಕಂಡು ಖಚಿತಪಡಿಸುವ ಪರೀಕ್ಷೆ ಯಾವುದೆಂದು ಕೇಳಿ.

ಪ್ರಶ್ನೆ: ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಮೂರನೆಯದು ಗಂಡಾಗುವ ಸಂಭವ ಹೆಚ್ಚು ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಜ್ಯೋತಿಷಿಗಳೂ ಗಂಡೇ ಎಂದಿದ್ದಾರಂತೆ. — ಹೆಸರು ಬೇಡವೆಂದ ಓದುಗರು, ವಿಜಯಪುರ

ಉತ್ತರ: ಸಹಜವಾಗಿ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ. ಹೀಗಾಗಿ ಪ್ರತಿ ಹೆರಿಗೆಯಲ್ಲೂ ಗಂಡಾಗುವ ಸಂಭವ ಶೇ 51ರ ಆಸುಪಾಸು, ಮೂರನೆಯ ಹೆರಿಗೆಯಲ್ಲೂ ಅಷ್ಟೇ. ಹಿಂದಿನ ಎರಡು ಹೆರಿಗೆಗಳ ಬಾಕಿಯನ್ನು ಪ್ರಕೃತಿ ಮೂರನೆಯದರಲ್ಲಿ ತೀರಿಸುವುದಿಲ್ಲ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ಜೂಜುಕಟ್ಟೆಯಲ್ಲಿ ರೂಲೆಟ್ ಚಕ್ರದಲ್ಲಿ ಸತತವಾಗಿ 26 ಸಲ ಕಪ್ಪೇ ಬಂದಿತು. ‘ಇನ್ನು ಕೆಂಪು ಬರಲೇಬೇಕು’ ಎಂದು ಪ್ರತಿ ಸುತ್ತಿಗೂ ಪಣ ಏರಿಸುತ್ತಾ ಹೋದವರು ಅಂದು ಭಾರಿ ಹಣ ಕಳೆದುಕೊಂಡರು. ಇನ್ನು, ಬಂದವರಿಗೆಲ್ಲ ‘ಗಂಡು’ ಎಂದೇ ಹೇಳುವ ಜ್ಯೋತಿಷಿಯ ಮಾತು ನೂರರಲ್ಲಿ 51 ಸಲ ನಿಜವಾಗುತ್ತದೆ; ಆ 51 ಮಂದಿ ಹಣ್ಣು-ಕಾಯಿ ಹಿಡಿದು ಮತ್ತೆ ಬರುತ್ತಾರೆ, ಉಳಿದ 49 ಮಂದಿ ಬರುವುದಿಲ್ಲ.

ಪ್ರಶ್ನೆ: ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು, ಒಪ್ಪೋಣ. ಆದರೆ ಐದು ಕೋಟಿಗೂ ಹೆಚ್ಚು ಮತದಾರರಿರುವ ರಾಜ್ಯದಲ್ಲಿ ಕೆಲವೇ ಸಾವಿರ ಮಂದಿಯನ್ನು ಕೇಳಿ ಚುನಾವಣಾ ಸಮೀಕ್ಷೆ ಮಾಡುವುದು ಹೇಗೆ ಸರಿ? — ದಾವಣಗೆರೆಯ ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ನಿಮ್ಮ ಉಪಮೆಯಲ್ಲೇ ಉತ್ತರವಿದೆ. ಪಾತ್ರೆ ಎಷ್ಟು ದೊಡ್ಡದು ಎಂಬುದಕ್ಕಿಂತ ಅಗುಳನ್ನು ಎಲ್ಲಿಂದ ತೆಗೆದಿರಿ ಎಂಬುದು ಮುಖ್ಯ. ಎಲ್ಲ ಮತದಾರರಿಗೂ ಆಯ್ಕೆಯಾಗುವ ಅವಕಾಶ ಸಮನಾಗಿರುವಂತೆ ಚೀಟಿ ಎತ್ತಿ 1,600 ಮಂದಿಯನ್ನು ಕೇಳಿದರೆ, ಬರುವ ಅಂದಾಜು ಸಾಮಾನ್ಯವಾಗಿ ನಿಜಸ್ಥಿತಿಗಿಂತ ಶೇ 2.5ರಷ್ಟು ಆಚೀಚೆ ಇರುತ್ತದೆ. 1,600ರ ವರ್ಗಮೂಲ 40, ಒಂದನ್ನು 40ರಿಂದ ಭಾಗಿಸಿದರೆ ಶೇ 2.5, ಸ್ಥೂಲವಾಗಿ ಸೂತ್ರ ಇಷ್ಟೇ. ಇದರಲ್ಲಿ ರಾಜ್ಯದ ಜನಸಂಖ್ಯೆ ಬರುವುದೇ ಇಲ್ಲ. ಲಭ್ಯ ಮಾಹಿತಿಯಿಂದ ಮಾಡುವ ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲದು ಎಂಬುದಕ್ಕೊಂದು ಮಿತಿಯನ್ನು 1945ರಲ್ಲಿ ತೋರಿಸಿಕೊಟ್ಟವರಲ್ಲಿ ಒಬ್ಬರಾದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ ಎಂಬುದನ್ನು ನಿಮ್ಮ ಹಳೆಯ ವಿದ್ಯಾರ್ಥಿಗಳಿಗೆ ಹೇಳಬಹುದು.

ಆಯ್ಕೆ ಕೆಟ್ಟರೆ ಸಂಖ್ಯೆ ಎಷ್ಟು ದೊಡ್ಡದಿದ್ದರೂ ಕಾಪಾಡದು. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಒಂದು ಕೋಟಿ ಜನರಿಗೆ ಚೀಟಿ ಕಳುಹಿಸಿ, ಮರಳಿ ಬಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳ ಆಧಾರದ ಮೇಲೆ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಪತ್ರಿಕೆ ವಿಳಾಸಗಳನ್ನು ಹೆಕ್ಕಿದ್ದು ಮುಖ್ಯವಾಗಿ ಟೆಲಿಫೋನ್ ಮತ್ತು ಕಾರು ಮಾಲೀಕರ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಅವೆರಡೂ ಇದ್ದವರು ಉಳ್ಳವರು.

ನಮ್ಮಲ್ಲಿ ಸಮೀಕ್ಷೆಗಳು ಎಡವುವುದು ಹೆಚ್ಚಾಗಿ ಮತಗಳಿಕೆಯನ್ನು ಸ್ಥಾನಗಳಾಗಿ ಪರಿವರ್ತಿಸುವಾಗ. 2018ರಲ್ಲಿ ಬಿಜೆಪಿ ಸುಮಾರು ಶೇ 36 ಮತ ಪಡೆದು 104 ಸ್ಥಾನ ಗೆದ್ದಿತು. 2023ರಲ್ಲೂ ಸುಮಾರು ಶೇ 36 ಮತವನ್ನೇ ಪಡೆದು 66 ಸ್ಥಾನಕ್ಕಿಳಿಯಿತು. 2018ರಲ್ಲಿ ಕಾಂಗ್ರೆಸ್ಸಿನ ಮತಪ್ರಮಾಣ ಬಿಜೆಪಿಗಿಂತ ಹೆಚ್ಚು, ಸುಮಾರು ಶೇ 38. ಸ್ಥಾನಗಳು ಮಾತ್ರ ಕಡಿಮೆ. ಎದುರಾಳಿ ಮತಗಳು ಹೇಗೆ ಹಂಚಿಹೋಗಿವೆ ಎಂಬುದರ ಮೇಲೆ ಫಲಿತಾಂಶ ನಿಲ್ಲುತ್ತದೆ. 20,000 ಮಂದಿಯನ್ನು ಕೇಳಿದರೂ 224 ಕ್ಷೇತ್ರಗಳಿಗೆ ಹಂಚಿದಾಗ ಒಂದೊಂದಕ್ಕೆ ತೊಂಬತ್ತು ಮಂದಿಯೂ ಸಿಗುವುದಿಲ್ಲ, ತಪ್ಪಿನ ಅಂತರ ಶೇ 10ನ್ನು ಮೀರುತ್ತದೆ. 2004ರಲ್ಲಿ ಸಂತೆಮರಹಳ್ಳಿಯ ಫಲಿತಾಂಶ ಒಂದೇ ಒಂದು ಮತದಿಂದ, 2023ರಲ್ಲಿ ಜಯನಗರದ್ದು 16 ಮತಗಳಿಂದ ತೀರ್ಮಾನವಾಯಿತು. ಅಂಥ ಕ್ಷೇತ್ರಗಳನ್ನು ಯಾವ ಸಮೀಕ್ಷೆಯೂ ಮೊದಲೇ ಹೇಳಲಾರದು. ಆದ್ದರಿಂದ ಮತಪ್ರಮಾಣದ ಅಂದಾಜಿಗೆ ಬೆಲೆ ಕೊಡಿ. ‘112ರಿಂದ 116 ಸ್ಥಾನ’ ಎಂಬಂಥ ಕಿರಿದಾದ ಅಂದಾಜಿಗೆ ಅಷ್ಟು ಬೇಕಾಗಿಲ್ಲ.

ಪ್ರಶ್ನೆ: ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯಸ್ಸು 32 ಎಂದು ಓದಿದೆ. ನಮ್ಮ ಮುತ್ತಜ್ಜ, ಅವರ ತಮ್ಮ ಎಲ್ಲರೂ ಎಂಬತ್ತು ದಾಟಿದವರು. ಯಾವುದು ಸುಳ್ಳು? — ಸಾಗರದ ವಿದ್ಯಾರ್ಥಿನಿಯೊಬ್ಬರು

ಉತ್ತರ: ಎರಡೂ ಸುಳ್ಳಲ್ಲ. ಹತ್ತು ಮಕ್ಕಳು ಹುಟ್ಟಿ, ಅವರಲ್ಲಿ ನಾಲ್ವರು ವರ್ಷ ತುಂಬುವಷ್ಟರಲ್ಲಿ ತೀರಿಕೊಂಡು, ಉಳಿದ ಆರು ಮಂದಿ 60 ವರ್ಷ ಬದುಕಿದರೆಂದರೆ, ಹತ್ತೂ ಮಂದಿಯ ಸರಾಸರಿ ಆಯಸ್ಸು ಸುಮಾರು 36. ಆದರೆ 36ನೆಯ ವಯಸ್ಸಿನಲ್ಲಿ ಸತ್ತವರು ಒಬ್ಬರೂ ಇಲ್ಲ. ಅಂದಿನ ಸರಾಸರಿಯನ್ನು ಕೆಳಗೆಳೆದದ್ದು ಬಹುಮಟ್ಟಿಗೆ ಶಿಶುಮರಣ. ಇಂದಿನ ಸರಾಸರಿ 70ರ ಸುಮಾರಿನಲ್ಲಿದೆ. ಅದೂ ಹುಟ್ಟುವ ಮಗುವಿನ ಲೆಕ್ಕ. 60 ದಾಟಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ. ನಿವೃತ್ತಿಯ ಹಣವನ್ನು ಹತ್ತು ವರ್ಷಕ್ಕೆ ಹಂಚಿಕೊಳ್ಳುವವರು ಮನೆಯಲ್ಲಿದ್ದರೆ ಅವರಿಗೂ ಇದನ್ನು ತಿಳಿಸಿ.

ಪ್ರಶ್ನೆ: ಪ್ರತಿವರ್ಷ ಗಡಿ ದಾಟಿ ಹೋಗಿ ಕೇರಳದ ಓಣಂ ಬಂಪರ್ ಟಿಕೆಟ್ ಕೊಳ್ಳುತ್ತೇನೆ. ಹತ್ತು ಟಿಕೆಟ್ ಕೊಂಡರೆ ಅವಕಾಶ ಹತ್ತುಪಟ್ಟಾಗುತ್ತದಲ್ಲವೇ? ಒಂದೇ ಅಂಕಿ ಮತ್ತೆ ಮತ್ತೆ ಬರುವ ಸಂಖ್ಯೆಗಳನ್ನು ಬಿಡುವುದು ಒಳ್ಳೆಯದೇ? — ಗುಂಡ್ಲುಪೇಟೆಯ ಓದುಗರೊಬ್ಬರು

ಉತ್ತರ: ಹತ್ತುಪಟ್ಟಾಗುತ್ತದೆ, ನಿಜ. 2024ರಲ್ಲಿ 500 ರೂಪಾಯಿಯ ಈ ಟಿಕೆಟ್‌ಗಳು 70 ಲಕ್ಷಕ್ಕೂ ಹೆಚ್ಚು ಮಾರಾಟವಾದವು. ನಿಮ್ಮ ಅವಕಾಶ 70 ಲಕ್ಷಕ್ಕೊಂದು ಇದ್ದದ್ದು 5,000 ರೂಪಾಯಿ ಖರ್ಚು ಮಾಡಿದಾಗ ಏಳು ಲಕ್ಷಕ್ಕೊಂದಾಗುತ್ತದೆ. 25 ಕೋಟಿಯ ಮೊದಲ ಬಹುಮಾನವನ್ನು ಎಲ್ಲ ಟಿಕೆಟ್‌ಗಳಿಗೂ ಹಂಚಿದರೆ ಒಂದಕ್ಕೆ ಬರುವುದು 35 ರೂಪಾಯಿಯಷ್ಟು, ಅದೂ ತೆರಿಗೆ ಕಳೆಯುವ ಮುನ್ನ. ಆ ವರ್ಷದ ಬಹುಮಾನ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದದ್ದರಿಂದ ನಮ್ಮ ಕಡೆ ಉತ್ಸಾಹ ಹೆಚ್ಚಿರುವಂತಿದೆ. ಡ್ರಾ ಮಾಡುವ ಯಂತ್ರಕ್ಕೆ ಮಾತ್ರ ಟಿಕೆಟ್ ಕೊಂಡವರು ಯಾವ ಜಿಲ್ಲೆಯವರೆಂಬುದು ತಿಳಿಯದು. ಸಂಖ್ಯೆಯ ವಿಷಯವೂ ಹಾಗೆಯೇ. 222222 ಎಂಬುದಕ್ಕೂ 483915 ಎಂಬುದಕ್ಕೂ ಬಹುಮಾನ ಬರುವ ಸಂಭವ ಒಂದೇ.