ಓದುಗರ ಪ್ರಶ್ನೆ: ಮೌಸ್ ಬಿಟ್ಟು ಪೆನ್ ಹಿಡಿದವರಿಗೆ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವವರದು. ಎಲ್ಲರ ಪ್ರಶ್ನೆಯೂ ಪೆನ್ ಟ್ಯಾಬ್ಲೆಟ್ ಬಗ್ಗೆ, ಅಂದರೆ ಕಂಪ್ಯೂಟರಿಗೆ ಜೋಡಿಸಿ, ಅದರದ್ದೇ ಪೆನ್ನಿನಿಂದ ಚಿತ್ರ ಬರೆಯುವ, ಸ್ವಂತ ಪರದೆ ಇಲ್ಲದ ಹಲಗೆಯ ಬಗ್ಗೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಅಷ್ಟಮಿ ಬಂತೆಂದರೆ ಹುಲಿವೇಷದ ತಂಡಗಳಿಗೆ ಪೋಸ್ಟರ್, ಟಿ-ಶರ್ಟ್ ಡಿಸೈನ್ ಮಾಡಿಕೊಡುತ್ತೇನೆ. ಎಲ್ಲವೂ ಮೌಸ್‌ನಲ್ಲೇ. ಪೆನ್ ಟ್ಯಾಬ್ಲೆಟ್ ತೆಗೆದುಕೊಂಡರೆ ನಿಜಕ್ಕೂ ಉಪಯೋಗ ಉಂಟಾ, ಬರೀ ಶೋಕಿಯಾ? – ಓದುಗರು, ಉಡುಪಿ

ಹುಲಿಯ ಪಟ್ಟೆಯನ್ನೇ ನೋಡಿ. ತುದಿ ಚೂಪು, ನಡು ದಪ್ಪ, ಮತ್ತೆ ತುದಿ ಚೂಪು. ವೇಷಕ್ಕೆ ಬಣ್ಣ ಹಾಕುವವರು ಬ್ರಷ್ಷನ್ನು ಹಗುರವಾಗಿ ಇಟ್ಟು, ಒತ್ತಿ, ಮೆಲ್ಲಗೆ ಎತ್ತುತ್ತಾರೆ. ಪಟ್ಟೆ ಒಂದೇ ಎಳೆತಕ್ಕೆ ಆಗಿಹೋಗುತ್ತದೆ. ಮೌಸ್‌ಗೆ ಗೊತ್ತಿರುವುದು ಗುಂಡಿ ಒತ್ತಿದೆಯೋ ಇಲ್ಲವೋ ಎಂಬುದಷ್ಟೇ. ಹಾಗಾಗಿ ನೀವು ಪಟ್ಟೆಯ ಹೊರಗೆರೆ ಎಳೆದು, ಒಳಗೆ ಬಣ್ಣ ತುಂಬಿ, ತುದಿಯನ್ನು ಬೇರೆಯಾಗಿ ಚೂಪು ಮಾಡುತ್ತಿರಬೇಕು. ಒಂದು ಮೈಗೆ ನೂರು ಪಟ್ಟೆ ಇದ್ದರೆ ಆ ಕೆಲಸ ಮುನ್ನೂರು. ಪೆನ್ನು ಒತ್ತಡವನ್ನು ಅಳೆಯುತ್ತದೆ, ಆದ್ದರಿಂದ ಎಳೆತ ಎಳೆತವಾಗಿಯೇ ಬರುತ್ತದೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಮೌಸನ್ನು ಎತ್ತಿ ಬೇರೆ ಕಡೆ ಇಟ್ಟರೂ ಬಾಣದ ಗುರುತು ಇದ್ದಲ್ಲೇ ಇರುತ್ತದೆ. ಪೆನ್ ಟ್ಯಾಬ್ಲೆಟ್ ಹಾಗಲ್ಲ, ಅದು ಪರದೆಯ ನಕಾಶೆ. ಟ್ಯಾಬ್ಲೆಟ್‌ನ ಎಡ ಮೂಲೆ ಎಂದರೆ ಪರದೆಯ ಎಡ ಮೂಲೆ, ನಡು ಎಂದರೆ ನಡು. ಹೊಸಬರಿಗೆ ಬರುವ ಎಷ್ಟೋ ತೊಂದರೆಗಳು ಈ ನಕಾಶೆ ತಪ್ಪಿದ್ದರಿಂದಲೇ ಬರುತ್ತವೆ. ಮುಂದಿನ ಪತ್ರಗಳಲ್ಲೂ ಅದನ್ನೇ ಕಾಣುತ್ತೀರಿ.

ಹಾಗೆಂದು ಮೌಸನ್ನು ಎಸೆಯಬೇಡಿ. ಕರಾವಳಿಯ ದೇವಸ್ಥಾನಗಳ ಗೋಡೆಯ ಕಾವಿ ಚಿತ್ತಾರದಂಥದ್ದನ್ನು ಮಾಡುವಾಗ, ಅಂದರೆ ಕೈವಾರದ ವೃತ್ತ, ಒಂದೇ ಅಳತೆಯ ದಳ, ಸಾಲು ಸಾಲು ಅಂಚು, ವೆಕ್ಟರ್ (ಗೆರೆಯನ್ನು ಬಿಂದುಗಳಿಂದ ಕಟ್ಟುವ) ಸಾಫ್ಟ್‌ವೇರ್ ಮತ್ತು ಮೌಸ್ ಸಾಕು. ಅಕ್ಷರ ಜೋಡಿಸುವುದಕ್ಕೆ, ಬಿಂದುಗಳನ್ನು ಹಿಡಿದು ಎಳೆಯುವುದಕ್ಕೆ ಮೌಸೇ ನಿಖರ.

ನನ್ನದು 15.6 ಇಂಚಿನ ಲ್ಯಾಪ್‌ಟಾಪ್, ಮೇಜು ಸಣ್ಣದು. ಯಾವ ಅಳತೆಯ ಟ್ಯಾಬ್ಲೆಟ್ ಒಳ್ಳೆಯದು? 8192 ಒತ್ತಡದ ಹಂತ ಇರುವುದನ್ನೇ ತೆಗೆದುಕೊಳ್ಳಬೇಕಾ? – ಓದುಗರು, ಕುಂದಾಪುರ

ಪೆಟ್ಟಿಗೆಯ ಮೇಲಿನ ಅಳತೆ ನೋಡಬೇಡಿ. ಪೆನ್ನಿಗೆ ಸ್ಪಂದಿಸುವ ಜಾಗದ ಅಳತೆ ನೋಡಿ. ವ್ಯಾಕಾಮ್ ಕಂಪೆನಿಯ ಇಂಟ್ಯೂಸ್‌ನ ಸಣ್ಣ ಮಾದರಿಯಲ್ಲಿ ಅದು 152 × 95 ಮಿ.ಮೀ., ಮಧ್ಯಮದಲ್ಲಿ 216 × 135 ಮಿ.ಮೀ. ನಿಮ್ಮ ಪರದೆಯ ಅಗಲ ಸುಮಾರು 345 ಮಿ.ಮೀ. ಸಣ್ಣದರಲ್ಲಿ ನಿಮ್ಮ ಕೈ 1 ಸೆಂ.ಮೀ. ಸರಿದರೆ ಪರದೆಯಲ್ಲಿ ಗೆರೆ ಸುಮಾರು 2.3 ಸೆಂ.ಮೀ. ಓಡುತ್ತದೆ; ಮಧ್ಯಮದಲ್ಲಿ 1.6 ಸೆಂ.ಮೀ. ಲ್ಯಾಪ್‌ಟಾಪ್‌ಗೆ ಸಣ್ಣದು ನಡೆಯುತ್ತದೆ. ಅದೇ ಸಣ್ಣದನ್ನು 24 ಇಂಚಿನ ಮಾನಿಟರ್‌ಗೆ ಜೋಡಿಸಿದರೆ ಮೂರೂವರೆ ಪಟ್ಟು ಹಿಗ್ಗುತ್ತದೆ, ಕೈಯ ಸಣ್ಣ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ. ಮುಂದೆ ಮಾನಿಟರ್ ತೆಗೆದುಕೊಳ್ಳುವ ಯೋಚನೆ ಇದ್ದರೆ ಈಗಲೇ ಮಧ್ಯಮಕ್ಕೆ ಹೋಗಿ. ತೀರಾ ದೊಡ್ಡದು ಬೇಡ, ಇಡೀ ತೋಳು ಆಡಿಸಲು ನಿಮ್ಮ ಮೇಜಿನಲ್ಲಿ ಜಾಗವಿಲ್ಲ.

ಒತ್ತಡದ ಹಂತ ಎಂದರೆ ಹಗುರದಿಂದ ಗಟ್ಟಿಯವರೆಗೆ ಪೆನ್ನು ಗುರುತಿಸುವ ಮೆಟ್ಟಿಲುಗಳ ಲೆಕ್ಕ. 8192 ಎನ್ನುವುದು ಅಂಗಡಿಯವರಿಗೆ ಹೇಳಲು ಚಂದದ ಸಂಖ್ಯೆ. ಸಾಮಾನ್ಯ 8 ಬಿಟ್ ಚಿತ್ರದಲ್ಲಿ ಒಂದು ಬಣ್ಣದ ಗಾಢತೆಗೆ ಇರುವುದೇ 256 ಹಂತ. 2048 ಹಂತದ ಪೆನ್ನಿನಲ್ಲೂ ಉತ್ತಮ ಕೆಲಸ ಮಾಡಬಹುದು. ಮುಖ್ಯವಾದದ್ದು, ಎಷ್ಟು ಹಗುರವಾಗಿ ಮುಟ್ಟಿದರೆ ಗೆರೆ ಶುರುವಾಗುತ್ತದೆ ಎಂಬುದು. ಅಂಗಡಿಯಲ್ಲಿ ಸಾಧ್ಯವಾದರೆ ಪೆನ್ನನ್ನು ಅದರ ಭಾರದಿಂದಷ್ಟೇ ಎಳೆದು ನೋಡಿ. ಗೆರೆ ಬಂದರೆ ಒಳ್ಳೆಯ ಪೆನ್ನು. ಬ್ಯಾಟರಿ ಇಲ್ಲದ್ದನ್ನೇ ಕೇಳಿ ತೆಗೆದುಕೊಳ್ಳಿ, ಹಗುರ ಇರುತ್ತದೆ, ಚಾರ್ಜ್ ಮಾಡುವ ರಗಳೆಯೂ ಇಲ್ಲ.

ವೃತ್ತ ಬರೆದರೆ ಮೊಟ್ಟೆಯ ಹಾಗೆ ಬರುತ್ತದೆ. ನೇರ ಗೆರೆ ಎಳೆದರೆ ವಾಲುತ್ತದೆ. ಎರಡು ವಾರ ಆಯಿತು, ಕೈ ಕೂರುತ್ತಿಲ್ಲ. – ಓದುಗರು, ಸುರತ್ಕಲ್

ಮೊಟ್ಟೆಗೆ ಕಾರಣ ನಿಮ್ಮ ಕೈ ಅಲ್ಲ ಮಾರಾಯ್ರೆ. ಟ್ಯಾಬ್ಲೆಟ್ ಹೆಚ್ಚಾಗಿ 16:10ರ ಆಕಾರದ್ದು, ಪರದೆ 16:9. ಪೂರ್ತಿ ಟ್ಯಾಬ್ಲೆಟ್ಟನ್ನು ಪೂರ್ತಿ ಪರದೆಗೆ ಹೊಂದಿಸಿದರೆ ಅಗಲ ಹೆಚ್ಚು ಹಿಗ್ಗುತ್ತದೆ, ಎತ್ತರ ಕಡಿಮೆ. ಪರದೆಯಲ್ಲಿ 10 ಸೆಂ.ಮೀ. ಎತ್ತರ ಬರಬೇಕಾದ ವೃತ್ತ 11 ಸೆಂ.ಮೀ. ಅಗಲವಾಗುತ್ತದೆ. ಯಕ್ಷಗಾನದ ಮುಖ ಬರೆಯುವವರಿಗೆ ಈ ಒಂದು ಸೆಂ.ಮೀ. ಸಾಕು, ರಾಜವೇಷದ ಕೆನ್ನೆ ಊದಿಕೊಳ್ಳಲು. ಡ್ರೈವರ್ (ಟ್ಯಾಬ್ಲೆಟ್ಟಿಗಾಗಿ ಕಂಪ್ಯೂಟರಿನಲ್ಲಿ ಹಾಕುವ ಕಂಪೆನಿಯ ಸಾಫ್ಟ್‌ವೇರ್) ತೆರೆದು ಮ್ಯಾಪಿಂಗ್ ಪುಟದಲ್ಲಿ 'ಫೋರ್ಸ್ ಪ್ರಪೋರ್ಷನ್ಸ್' ಎಂಬುದಕ್ಕೆ ಟಿಕ್ ಹಾಕಿ. ಕೆಲವು ಕಂಪೆನಿಗಳಲ್ಲಿ ಇದು ಪರದೆಯ ಅನುಪಾತ ಎಂಬ ಅರ್ಥದ ಬೇರೆ ಹೆಸರಿನಲ್ಲಿರುತ್ತದೆ. ಟ್ಯಾಬ್ಲೆಟ್‌ನ ಅಂಚಿನಲ್ಲಿ ಸುಮಾರು ಒಂದು ಸೆಂ.ಮೀ. ಜಾಗ ಕೆಲಸಕ್ಕೆ ಬಾರದೆ ಹೋಗುತ್ತದೆ. ಹೋಗಲಿ. ಲ್ಯಾಪ್‌ಟಾಪ್‌ಗೆ ಇನ್ನೊಂದು ಮಾನಿಟರ್ ಜೋಡಿಸಿದ್ದರೆ ಅದೇ ಪುಟದಲ್ಲಿ ಒಂದೇ ಪರದೆಯನ್ನು ಆರಿಸಿ. ಇಲ್ಲದಿದ್ದರೆ ನಕಾಶೆ ಎರಡು ಪರದೆಗೂ ಹಂಚಿಹೋಗಿ ನಿಮ್ಮ ಪಾಲಿಗೆ ಅರ್ಧ ಟ್ಯಾಬ್ಲೆಟ್ ಉಳಿಯುತ್ತದೆ.

ವಾಲುವುದಕ್ಕೆ ಕಾರಣ ಟ್ಯಾಬ್ಲೆಟ್ಟನ್ನು ನೋಟ್‌ಬುಕ್ಕಿನಂತೆ ಓರೆಯಾಗಿ ಇಟ್ಟಿರುವುದು. ನೋಟ್‌ಬುಕ್ ಓರೆ ಇದ್ದರೆ ಕಣ್ಣೂ ಓರೆಯಾಗಿ ಓದುತ್ತದೆ. ಇಲ್ಲಿ ಕಣ್ಣು ಪರದೆಯಲ್ಲಿದೆ, ಪರದೆ ಓರೆಯಾಗಿಲ್ಲ. ಟ್ಯಾಬ್ಲೆಟ್‌ನ ಅಂಚು ಪರದೆಯ ಅಂಚಿಗೆ ಸಮಾನಾಂತರವಾಗಿ, ಪರದೆಯ ನೇರ ಎದುರಿಗೆ ಇರಲಿ. ಕೀಬೋರ್ಡನ್ನು ಎಡಕ್ಕೆ ಸರಿಸಿ, ಎಡಗೈಗೆ ಬ್ರಷ್ ಗಾತ್ರ, ಅಳಿಸುವುದು, ಹಿಂದಕ್ಕೆ ಹೋಗುವುದು ಇವುಗಳ ಕೀಲಿ ಸಿಕ್ಕರೆ ಸಾಕು. ಎಡಗೈಯವರಾದರೆ ಡ್ರೈವರ್‌ನಲ್ಲಿ 180 ಡಿಗ್ರಿ ತಿರುಗಿಸುವ ಸೆಟ್ಟಿಂಗ್ ಉಂಟು.

ಇನ್ನು ಅಭ್ಯಾಸ. ಒಂದು ವಾರ ಮೌಸನ್ನು ಡ್ರಾಯರ್‌ಗೆ ಹಾಕಿ, ಫೈಲ್ ತೆರೆಯುವುದೂ ಪೆನ್ನಿನಲ್ಲೇ ಆಗಲಿ. ದಿನಕ್ಕೆ 15 ನಿಮಿಷ, ಪರದೆಯಲ್ಲಿ ಎಲ್ಲೆಂದರಲ್ಲಿ ಎರಡು ಚುಕ್ಕಿ ಇಟ್ಟು ಒಂದೇ ಎಳೆತದಲ್ಲಿ ಸೇರಿಸಿ. ಕೈ ನೋಡಬೇಡಿ. ಮಣಿಕಟ್ಟಿನಿಂದ ಎಳೆದ ಉದ್ದ ಗೆರೆ ಬಿಲ್ಲಿನಂತೆ ಬಾಗುತ್ತದೆ; ಮೊಣಕೈಯಿಂದ ಎಳೆಯಿರಿ. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕ್ರಿಟಾದಲ್ಲಿ ಗೆರೆ ನಯಗೊಳಿಸುವ 'ಸ್ಟೆಬಿಲೈಸರ್' ಉಂಟು, ಆದರೆ ಕಲಿಯುವಾಗ ಅದನ್ನು ಪೂರ್ತಿ ಏರಿಸಿದರೆ ಗೆರೆ ಕೈಯ ಹಿಂದೆ ಜಗ್ಗುತ್ತದೆ, ಕೈ ಕಲಿಯುವುದಿಲ್ಲ. ಕಿರೀಟದ ಉದ್ದ ಬಾಗುಗಳಿಗೆ ಮಾತ್ರ ಬಳಸಿ.

ಯಕ್ಷಗಾನದ ಬಣ್ಣದ ವೇಷದ ಮುಖಕ್ಕೆ ಚುಟ್ಟಿಯ (ಅಕ್ಕಿಹಿಟ್ಟಿನ ಉಬ್ಬು ಅಲಂಕಾರದ) ಚುಕ್ಕಿ ಇಡುವಾಗ ಎರಡನೆಯ ಚುಕ್ಕಿ ಮೊದಲಿನದರ ಮೇಲೆಯೇ ಕೂರುತ್ತದೆ. ಪೆನ್ ಒತ್ತಿ ಹಿಡಿದರೆ ನೀಲಿ ಬಳೆಯಂಥದ್ದು ಬರುತ್ತದೆ. ಒತ್ತಡ ಒಮ್ಮೆ ಇರುತ್ತದೆ, ಒಮ್ಮೆ ಇಲ್ಲ. – ಓದುಗರು, ಮಂಗಳೂರು

ಮೂರಕ್ಕೂ ಬೇರೆ ಬೇರೆ ಮದ್ದು. ಚುಕ್ಕಿಯದ್ದು ಡಬಲ್ ಕ್ಲಿಕ್‌ನ ತೊಂದರೆ. ಬೇಗ ಬೇಗ ಹತ್ತಿರ ಹತ್ತಿರ ಮುಟ್ಟಿದರೆ ಡ್ರೈವರ್ ಅದನ್ನು ಡಬಲ್ ಕ್ಲಿಕ್ ಎಂದು ತಿಳಿದು ಎರಡನೆಯದನ್ನು ಮೊದಲಿನ ಜಾಗಕ್ಕೇ ಎಳೆದುಕೊಳ್ಳುತ್ತದೆ. ಡ್ರೈವರ್‌ನಲ್ಲಿ ಡಬಲ್ ಕ್ಲಿಕ್ ದೂರ ಎಂಬುದನ್ನು ಸೊನ್ನೆಗೆ ತನ್ನಿ. ಗೆರೆಯ ಆರಂಭದಲ್ಲಿ ಸಣ್ಣ ಕೊಕ್ಕೆ ಬರುತ್ತಿದ್ದರೆ ಅದೂ ಇದರಿಂದ ಹೋಗಬಹುದು.

ಬಳೆ ವಿಂಡೋಸ್‌ನದ್ದು, ಒತ್ತಿ ಹಿಡಿದರೆ ರೈಟ್ ಕ್ಲಿಕ್ ಎಂದು ಅದರ ಲೆಕ್ಕ. ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಪೆನ್ ಆ್ಯಂಡ್ ಟಚ್' ತೆರೆದು, 'ಪ್ರೆಸ್ ಆ್ಯಂಡ್ ಹೋಲ್ಡ್' ಆರಿಸಿ, ಸೆಟ್ಟಿಂಗ್ಸ್ ಒತ್ತಿ ಟಿಕ್ ತೆಗೆಯಿರಿ.

ಒತ್ತಡ ಬಂದು ಹೋಗುವುದು ಹೆಚ್ಚಾಗಿ ಎರಡು ಭಾಷೆಯ ಜಗಳ. ಪೆನ್ನಿನ ಸುದ್ದಿಯನ್ನು ಸಾಫ್ಟ್‌ವೇರ್‌ಗೆ ಮುಟ್ಟಿಸಲು ವಿನ್‌ಟ್ಯಾಬ್ ಮತ್ತು ವಿಂಡೋಸ್ ಇಂಕ್ ಎಂಬ ಎರಡು ದಾರಿಗಳಿವೆ. ಡ್ರೈವರ್ ಒಂದರಲ್ಲಿ ಹೇಳಿ, ಸಾಫ್ಟ್‌ವೇರ್ ಇನ್ನೊಂದರಲ್ಲಿ ಕಿವಿಗೊಟ್ಟರೆ ಪೆನ್ನು ಬರೀ ಮೌಸ್ ಆಗುತ್ತದೆ. ಫೋಟೋಶಾಪ್‌ನ ಈಗಿನ ಆವೃತ್ತಿಗಳು ತಾವಾಗಿ ವಿಂಡೋಸ್ ಇಂಕ್ ಬಯಸುತ್ತವೆ, ಆದ್ದರಿಂದ ಡ್ರೈವರ್‌ನಲ್ಲಿ ಅದಕ್ಕೆ ಟಿಕ್ ಇರಲಿ. ಕ್ರಿಟಾದಲ್ಲಿ 'ಕಾನ್ಫಿಗರ್ ಕ್ರಿಟಾ' ಒಳಗಿನ ಟ್ಯಾಬ್ಲೆಟ್ ಪುಟದಲ್ಲಿ ಎರಡರಲ್ಲಿ ಒಂದನ್ನು ಆರಿಸಿ, ಕ್ರಿಟಾವನ್ನು ಮುಚ್ಚಿ ತೆರೆಯಿರಿ. ಗಿಂಪ್‌ನಲ್ಲಿ ಇನ್‌ಪುಟ್ ಸಾಧನಗಳ ಪಟ್ಟಿಗೆ ಹೋಗಿ ಪೆನ್ನಿನ ಮೋಡ್ 'ಸ್ಕ್ರೀನ್' ಎಂದು ಇಡದಿದ್ದರೆ ಒತ್ತಡ ಬರದೇ ಹೋಗಬಹುದು. ಹಿಂದೆ ಬೇರೆ ಕಂಪೆನಿಯ ಟ್ಯಾಬ್ಲೆಟ್ ಇದ್ದರೆ ಅದರ ಡ್ರೈವರ್ ಇನ್ನೂ ಉಳಿದಿದೆಯೇ ನೋಡಿ. ಎರಡನ್ನೂ ತೆಗೆದು, ಕಂಪ್ಯೂಟರ್ ಮರುಚಾಲನೆ ಮಾಡಿ, ಈಗಿನದರ ಡ್ರೈವರನ್ನಷ್ಟೇ ಹಾಕಿ.

ಸೆಖೆಯಲ್ಲಿ ಕೈ ಟ್ಯಾಬ್ಲೆಟ್‌ಗೆ ಅಂಟುತ್ತದೆ. ಮೇಲ್ಮೈಯಲ್ಲಿ ಗೀರು ಬಿದ್ದಿದೆ. ಈಗ ಗೆರೆ ನಡುಗುತ್ತದೆ. ಟ್ಯಾಬ್ಲೆಟ್ ಹಾಳಾಯಿತಾ? – ಓದುಗರು, ಮಲ್ಪೆ

ಹಾಳಾಗಿರಲಿಕ್ಕಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಎರಡು ಬೆರಳಿನ ಗ್ಲೌಸ್ ಇಲ್ಲದೆ ನಮ್ಮ ಕಡೆ ಚಿತ್ರ ಬಿಡಿಸುವುದು ಕಷ್ಟ. ಹಳೆಯ ಕಾಟನ್ ಗ್ಲೌಸ್‌ನ ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಭಾಗ ಕತ್ತರಿಸಿದರೂ ಆದೀತು. ಬೆವರಿನ ಉಪ್ಪು ಮತ್ತು ಮರಳಿನ ಪುಡಿ ಸೇರಿದರೆ ನಿಬ್ಬಿಗೆ ಅದು ಉಜ್ಜುಕಾಗದವೇ. ಕೂರುವ ಮೊದಲು ಸ್ವಲ್ಪ ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಸ್ಪಿರಿಟ್, ಸ್ಯಾನಿಟೈಸರ್ ಬೇಡ.

ನಿಬ್ ಪ್ಲಾಸ್ಟಿಕ್ಕಿನದು, ಸವೆಯಲೆಂದೇ ಇರುವುದು. ಒಂದು ಬದಿ ಚಪ್ಪಟೆಯಾಗಿ ಅಂಚು ಚೂಪಾದಾಗ ಅದು ಮೇಲ್ಮೈಯನ್ನು ಗೀರುತ್ತದೆ. ವಾರಕ್ಕೊಮ್ಮೆ ನಿಬ್ಬನ್ನು ಸ್ವಲ್ಪ ತಿರುಗಿಸಿ. ಹೊರಗೆ ಉಳಿದದ್ದು 1 ಮಿ.ಮೀ.ಗೆ ಇಳಿದರೆ ಬದಲಿಸಿ, ಕಾಯಬೇಡಿ: ತೀರಾ ಗಿಡ್ಡವಾದರೆ ಕೀಳುವ ಉಂಗುರಕ್ಕೆ ಸಿಗುವುದಿಲ್ಲ. ಪೆನ್ನನ್ನು ಲೋಟದಲ್ಲಿ ತುದಿ ಕೆಳಗೆ ಮಾಡಿ ಇಡುವ ಅಭ್ಯಾಸವಿದ್ದರೆ ಇಂದೇ ಬಿಡಿ. ಒತ್ತಡ ಅಳೆಯುವ ಭಾಗದ ಮೇಲೆ ದಿನವಿಡೀ ಭಾರ ಬಿದ್ದು, ಕೊನೆಗೆ ಪೆನ್ನು ಮುಟ್ಟದೆಯೇ ಗೆರೆ ಎಳೆಯಲು ಶುರುಮಾಡಬಹುದು.

ನಡುಗುವ ಗೆರೆಗೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಡುಕ ನಿಂತರೆ ಅರ್ತಿಂಗ್ ಸರಿಯಿಲ್ಲ; ಮೂರು ಪಿನ್ನಿನ ಪ್ಲಗ್ಗನ್ನು ಅರ್ತ್ ಇರುವ ಸಾಕೆಟ್‌ಗೆ ಹಾಕಿ. ಟ್ಯಾಬ್ಲೆಟ್ ವಿದ್ಯುತ್ಕಾಂತದಿಂದ ಪೆನ್ನನ್ನು ಹುಡುಕುವುದರಿಂದ ಕಬ್ಬಿಣದ ಮೇಜು, ಪಕ್ಕದ ಮೊಬೈಲ್, ಸ್ಪೀಕರ್‌ಗಳೂ ಅದನ್ನು ಕೆಡಿಸುತ್ತವೆ. ಮೇಜು ಕಬ್ಬಿಣದ್ದಾದರೆ ಅಡಿಗೆ ಒಂದಿಂಚು ದಪ್ಪದ ಮರದ ಹಲಗೆ ಇಡಿ. ಮಳೆಗಾಲದಲ್ಲಿ ಗುಡುಗು ಶುರುವಾದರೆ ಚಾರ್ಜರ್ ಕೀಳಬೇಕೆಂದು ಇಲ್ಲಿನವರಿಗೆ ಹೇಳಬೇಕಿಲ್ಲ.

ಚಿತ್ರ ಬಿಡಿಸಿದ ಮೇಲೆ ಮಣಿಕಟ್ಟು ನೋಯುತ್ತದೆ. – ಓದುಗರು, ಕಾರ್ಕಳ

ಪೆನ್ನನ್ನು ಗಟ್ಟಿಯಾಗಿ ಒತ್ತುತ್ತಿದ್ದೀರಿ ಎಂದು ನಮ್ಮ ಊಹೆ. ಡ್ರೈವರ್‌ನಲ್ಲಿ ತುದಿಯ ಒತ್ತಡವನ್ನು 'ಸಾಫ್ಟ್' ಕಡೆಗೆ ಸರಿಸಿದರೆ ಅರ್ಧ ಬಲಕ್ಕೇ ದಪ್ಪ ಗೆರೆ ಬರುತ್ತದೆ. ಮೊಣಕೈ ಮೇಜಿನ ಮಟ್ಟದಲ್ಲಿರಲಿ, ಅರ್ಧ ಗಂಟೆಗೊಮ್ಮೆ ಪೆನ್ ಕೆಳಗಿಡಿ. ಜೋಮು ಹಿಡಿದು ರಾತ್ರಿಯೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ, ಸೆಟ್ಟಿಂಗ್ ಬದಲಿಸುತ್ತಾ ಕೂರಬೇಡಿ.

ಯಕ್ಷಗಾನ ಆಟ ನೋಡುತ್ತಾ ಪೆನ್ಸಿಲಿನಲ್ಲಿ ಬರೆದ ವೇಷಗಳ ಸ್ಕೆಚ್‌ಗಳು ಪುಸ್ತಕದಲ್ಲಿ ರಾಶಿ ಇವೆ. ಸ್ಕ್ಯಾನರ್ ಇಲ್ಲ. ಹಾಳೆಯನ್ನೇ ಟ್ಯಾಬ್ಲೆಟ್ ಮೇಲಿಟ್ಟು ತಿದ್ದಬಹುದೇ? – ಓದುಗರು, ಬ್ರಹ್ಮಾವರ

ಬಹುದು. ಪೆನ್ನು ಮೇಲ್ಮೈಯಿಂದ ಕೆಲವು ಮಿ.ಮೀ. ಮೇಲಿದ್ದರೂ ಟ್ಯಾಬ್ಲೆಟ್‌ಗೆ ಕಾಣುತ್ತದೆ, ಹಾಗಾಗಿ ಒಂದೆರಡು ಹಾಳೆ ಅಡ್ಡಿಯಲ್ಲ. ಸ್ಪೈರಲ್ ಪುಸ್ತಕದ ತಂತಿ ಮಾತ್ರ ಟ್ಯಾಬ್ಲೆಟ್ ಮೇಲೆ ಬರಬಾರದು. ಸ್ಕೆಚ್ ಸ್ಪಂದಿಸುವ ಜಾಗದೊಳಗೇ ಇರಬೇಕು. ದೊಡ್ಡದಾದರೆ ಮೊಬೈಲಿನಲ್ಲಿ ಮೇಲಿನಿಂದ ನೇರವಾಗಿ ಫೋಟೊ ತೆಗೆದು ಕೆಳಗಿನ ಲೇಯರ್‌ನಲ್ಲಿ ಇಟ್ಟುಕೊಳ್ಳುವುದೇ ಸುಲಭ. ಹಾಳೆಯ ಮೇಲೆ ಕೆಲಸ ಮಾಡುವುದಾದರೆ ಅನುಪಾತದ ಟಿಕ್ ಮೊದಲೇ ಹಾಕಿ, ಕ್ಯಾನ್ವಾಸ್ ಪರದೆಯಲ್ಲಿ ಅಲುಗದಂತೆ ಇಡಿ, ಜೂಮ್ ಮುಟ್ಟಬೇಡಿ. ನಾಲ್ಕು ಮೂಲೆಗೂ ಪೇಪರ್ ಟೇಪ್ ಹಚ್ಚಿ. ಶುರುವಿನಲ್ಲೇ ಸ್ಕೆಚ್‌ನ ಎರಡು ಗುರುತು, ಕಿರೀಟದ ತುದಿ ಮತ್ತು ಗಲ್ಲ ಎನ್ನಿ, ಪೆನ್ನಿನಲ್ಲಿ ಚುಕ್ಕಿ ಇಟ್ಟುಕೊಳ್ಳಿ. ನಡುವೆ ಹಾಳೆ ಜಾರಿದೆ ಎಂದು ಸಂಶಯ ಬಂದರೆ ಪೆನ್ನನ್ನು ಆ ಎರಡು ಜಾಗದ ಮೇಲೆ ಹಿಡಿದು, ಪರದೆಯ ಗುರುತು ಚುಕ್ಕಿಯ ಮೇಲೆ ನಿಲ್ಲುತ್ತದೋ ನೋಡಿ.